ಹತ್ತಿ ಮಾಳಿಗೆ: ವಲ್ಲಿಯ ಕೆಳಗಿನ ಕೈ

"ಯಕ್ಕಾ, ಮಾವನ ಸಾಮಾನ ಇಷ್ಟ ಏನು?"

ಸಾವಂತ್ರೆವ್ವ ತಲೆ ಎತ್ತಲಿಲ್ಲ. ತೊಡೆಯ ಮೇಲೆ ಹತ್ತಿಯ ಎಳೆಯಿಟ್ಟು ಅಂಗೈಯಿಂದ ಒಮ್ಮೆ ಉಜ್ಜಿದಳು. ದೀಪದ ಬತ್ತಿ ಹೊರಳಿತು. ಅದನ್ನು ಬುಟ್ಟಿಗೆ ಹಾಕಿ ಇನ್ನೊಂದು ಎಳೆ ತೆಗೆದುಕೊಂಡಳು.

"ಇಷ್ಟ. ದವಾಖಾನಿಯವ್ರು ಕೊಟ್ಟದ್ದು."

ಚಾಪೆಯ ಮೇಲೆ ಒಂದು ಜೊತೆ ಚಪ್ಪಲಿ, ತಂಬಾಕಿನ ಚೀಲ, ದಾರ ಕಟ್ಟಿದ ಚಾಳೀಸು. ತಮ್ಮ ವಿರೂಪಾಕ್ಷ ಅವುಗಳನ್ನೇ ನೋಡುತ್ತ ಕುಳಿತ. ಹತ್ತಿ ಮಾಳಿಗೆಯ ಮೇಲಂತಸ್ತಿನಲ್ಲಿ ತೊಲೆ ಬಿದ್ದು ಅವಳ ಗಂಡ ಭರಮಪ್ಪ ಸತ್ತ ಮೇಲೆ, ಮಾಳಿಗೆಯೇ ಅವನನ್ನು ಕೊಂದಿತೆಂದು ಬೈಲಹೊಂಗಲವೆಲ್ಲ ಒಪ್ಪಿಕೊಂಡಾಗಿತ್ತು.

ಪುರಸಭೆಯೂ ಒಪ್ಪಿಕೊಂಡಿತ್ತು. ಬಾಗಿಲಿಗೆ ನೋಟೀಸು ಅಂಟಿತ್ತು: ಅಪಾಯದ ಕಟ್ಟಡ. ಅಂಗಡಿಯ ಎದುರಿಗೆ ಹಳದಿ ಜೇಸಿಬಿ ಕೈ ಮಡಚಿಕೊಂಡು ನಿಂತಿತ್ತು. ನಾಳೆ ಬೆಳಿಗ್ಗೆ ಅದು ಕೈ ಚಾಚುತ್ತದೆ.

ಮೆಟ್ಟಿಲ ಕೆಳಗಿನ ಈ ಗೂಡಿನಂಥ ಅಂಗಡಿಯೇ ಸಾವಂತ್ರೆವ್ವನ ಮನೆ, ಇದೇ ಅವಳ ಅನ್ನ. ಹತ್ತಿ ವ್ಯಾಪಾರ ಎಪಿಎಂಸಿ ಅಂಗಳಕ್ಕೆ ಹೋಗುವ ಮೊದಲು ಭರಮಪ್ಪ ಈ ಮಾಳಿಗೆಯಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ. ಹಿರಿಯ ಸಾವುಕಾರರು ಸಾಯುವ ಮೊದಲು ಗಂಡ ಹೆಂಡತಿ ಇಬ್ಬರ ಹೆಸರಿಗೂ ಈ ಜಾಗ ಬರೆಸಿಕೊಟ್ಟಿದ್ದರು. ಅವರ ಒಪ್ಪಿಗೆಯಿಲ್ಲದೆ ಮಾಳಿಗೆಯನ್ನು ಯಾರೂ ಮಾರುವಂತಿರಲಿಲ್ಲ. ಆದರೆ ಅಪಾಯದ ಕಟ್ಟಡವನ್ನು ಕೆಡಹಲು ಯಾರ ಒಪ್ಪಿಗೆಯೂ ಬೇಕಿಲ್ಲ.

"ಅಳು ಬರವಲ್ದು ತಮ್ಮಾ," ಎಂದಳು ಸಾವಂತ್ರೆವ್ವ, ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. "ಮಂದಿ ಬಂದು ನನ್ನ ಮಾರಿ ನೋಡ್ತಾರು. ಅತ್ತಳೇನು ಅಂತ. ನಾ ಬತ್ತಿ ಹೊಸೀತೇನಿ."

ವಿರೂಪಾಕ್ಷನಿಗೂ ಅಳು ಬಂದಿರಲಿಲ್ಲ. ಪೊಲೀಸ್ ಖಾತೆಯಲ್ಲಿ ಜಮಾದಾರನಾಗಿ ನಿವೃತ್ತನಾಗಿ ಸಂಪಗಾಂವದಲ್ಲಿದ್ದ ಅವನು, ಅಕ್ಕನ ಗಂಡ ಸತ್ತ ದಿನದಿಂದ ಮುಂಜಾನೆಯ ಬಸ್ಸಿಗೆ ಬಂದು ಸಂಜೆ ಹೋಗುತ್ತಿದ್ದ. ಉಂಡದ್ದಕ್ಕೆ ರುಚಿಯಿರಲಿಲ್ಲ. ಬಿಸಿಲು ಬಿಸಿಲಾಗಿ ತಾಗುತ್ತಿರಲಿಲ್ಲ.

"ಅತ್ತೀ, ಚಾ ತಗೋ. ಆರಿಸಬ್ಯಾಡ."

ವಿರೂಪಾಕ್ಷನ ಮಗ ಸಂದೀಪ ಎರಡು ಕಪ್ಪು ಹಿಡಿದು ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಕಂತ್ರಾಟದಾರನೊಬ್ಬನ ಬಳಿ ಸೂಪರ್‌ವೈಸರ್ ಅವನು. ಮಾವನ ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ಅವನೇ. ದಿನಾ ಅತ್ತೆಗೆ ಚಹಾ ತರುವವನೂ ಅವನೇ.

"ಅಪ್ಪಾ, ಇನ್ನ ಸಾಕ ಮಾಡಲಾ. ಅತ್ತೀನ ಊರಿಗೆ ಕರಕೊಂಡ ಹೋಗೂಣು. ಈ ಮಣ್ಣಿನ ಗ್ವಾಡಿ ಕಾಯ್ದು ಏನ್ ಬರತೈತಿ?"

"ಸಂಜಿತನಕ ತಡಿ."

"ಸಂಜೀಕ ಗಾಡಿ ತಗೊಂಡ ಬರತೇನಿ. ತಯಾರ ಇರ್ರಿ ಇಬ್ಬರೂ," ಎಂದು ಅವನು ಹೊರಟುಹೋದ.

ಚಹಾದ ಮೇಲೆ ಕೆನೆ ಕಟ್ಟಿತು.

ಆಗ ಮೆಟ್ಟಿಲಿನಿಂದ ಸಪ್ನಾ ಇಳಿದು ಬಂದಳು. ಹಿರಿಯ ಸಾವುಕಾರರ ಮಗ, ಮಾಳಿಗೆಯ ಈಗಿನ ಒಡೆಯ ವೀರಪ್ಪನ ಮಗಳು. ಹಳೆ ಕಟ್ಟಡಗಳನ್ನು ಉಳಿಸುವ ವಿದ್ಯೆ ಓದಿ ಬಂದವಳು. ಈ ಮಾಳಿಗೆಯನ್ನು ರಕ್ಷಿತ ಕಟ್ಟಡಗಳ ಸಾಲಿಗೆ ಸೇರಿಸಬೇಕೆಂದು ಕಳೆದ ದೀಪಾವಳಿಯಿಂದ ಕಂಬ ಕಂಬಕ್ಕೂ ಟೇಪು ಹಿಡಿದು, ಬಾಗಿಲ ಒಂದೊಂದು ಹೂವಿನ ಕೆತ್ತನೆಗೂ ಫೋಟೋ ಹಿಡಿದು ಕೂತಿದ್ದಳು. ಮೆತ್ತನೆಯ ಬಟ್ಟೆ ಬೂಟು ಹಾಕಿಕೊಂಡು ಅವಳು ಓಡಾಡಿದರೆ ಮಾಳಿಗೆಯ ಹಲಗೆಗೂ ಗೊತ್ತಾಗುತ್ತಿರಲಿಲ್ಲ.

"ಕಾಕಾ, ಒಂದು ಫೋಟೋ ಐತ್ರಿ," ಎಂದಳು. "ಪೊಲೀಸ್ರಿಗೆ ತೋರಿಸಿಲ್ಲ."

"ಯಾವಾಗಿಂದು?"

"ಆವತ್ತಿಂದು. ಮುಂಜಾನೆ ಮ್ಯಾಲೆ ಹ್ವಾದೆ. ಭರಮಪ್ಪಜ್ಜ ಬಿದ್ದಿದ್ದ. ಕೈಯಾಗ ಮೊಬೈಲ್ ಇತ್ತು. ದಿನಾ ಹಿಡದ್ಹಂಗ ಹಿಡಿದುಬಿಟ್ಟೆ. ಆಮ್ಯಾಲೆ ಚೀರಿದೆ. ಅಪ್ಪಾ ಬಂದ್ರು, ಸಂದೀಪ ಬಂದ, ಚಾದಂಗಡಿಯವ್ರು ಬಂದ್ರು. ಅಷ್ಟ."

ವಿರೂಪಾಕ್ಷ ಕಣ್ಣು ಮುಚ್ಚಿ ಕೇಳಿದ. ಕೇಳುವುದು ಅವನಿಗೆ ತಂದೆ ಕೊಟ್ಟ ವಿದ್ಯೆ. ತಂದೆ ಪ್ರತಿ ಸೋಮವಾರ ಏಕನಾದ ಹಿಡಿದು ತತ್ತ್ವಪದ ಹೇಳುವಾಗ ಹುಡುಗ ವಿರೂಪಾಕ್ಷ ಕಂಬಕ್ಕೆ ಒರಗಿ ಕೇಳುತ್ತಿದ್ದ. ಒಂದು ಸಾಲು ತಪ್ಪಿದರೂ ಅರ್ಥ ತಿಳಿಯುವ ಮೊದಲೇ ಕಿವಿಗೆ ತಿಳಿಯುತ್ತಿತ್ತು. ಠಾಣೆಯಲ್ಲಿ ಅವನನ್ನು ಉಳಿಸಿದ್ದು ಆ ಕಿವಿಯೇ.

ಸಪ್ನಾಳ ಮಾತಿನಲ್ಲೂ ಒಂದು ಸಾಲು ತಪ್ಪಿತ್ತು. ರಾತ್ರಿ ಕಾವಲಿಗೆ ಮೇಲೆ ಮಲಗುತ್ತಿದ್ದ ಭರಮಪ್ಪ ಪಡಸಾಲೆಗೆ ಯಾವಾಗಲೂ ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಿದ್ದ. ಮೇಲೆ ಇದ್ದವರು ತೆಗೆಯದೆ ಹೊರಗಿನವರು ಹೋಗಲಾರರು. ಬಾಗಿಲು ಹೇಗೆ ತೆರೆದಿತ್ತೆಂಬುದನ್ನು ಅವಳು ಹೇಳಲಿಲ್ಲ.

ಅವನು ಆಗ ಕೇಳಲಿಲ್ಲ. ಫೋಟೋ ಅಷ್ಟರಲ್ಲಿ ಕಣ್ಣ ಮುಂದೆ ಬಂದಿತ್ತು.

ಭರಮಪ್ಪ ದಲಾಲರ ಹಳೆಯ ಕಟ್ಟೆಯ ಮೇಲೆ ಕಂಬಕ್ಕೆ ಒರಗಿದ್ದ. ಎದೆಯ ಮೇಲೆ ತೊಲೆ. ಸುತ್ತ ಛಾವಣಿಯ ಮಣ್ಣು, ಹಂಚಿನ ಚೂರು, ಸುಣ್ಣದ ಹೆಂಟೆ. ತಲೆಗೆ ಸುತ್ತಿದ ಅವನ ವಲ್ಲಿ ಹಾಗೇ ಇತ್ತು. ಆದರೆ ಚಾಚಿದ ಬಲಗೈಯ ಮೇಲೆ ಇನ್ನೊಂದು ವಲ್ಲಿ ಹರಡಿತ್ತು. ಅದರ ಮೇಲೂ ಒಂದು ಪದರು ಧೂಳು.

"ಧೂಳು ವಲ್ಲಿಯ ಮ್ಯಾಲೈತಿ," ಎಂದ ವಿರೂಪಾಕ್ಷ ನಿಧಾನವಾಗಿ. "ತೊಲಿ ಬೀಳೂ ಮೊದಲ ವಲ್ಲಿ ಬಿದ್ದೈತಿ."

"ಇದನ್ನೂ ನೋಡ್ರಿ." ಸಪ್ನಾ ಬೆರಳಿಂದ ಚಿತ್ರ ಸರಿಸಿದಳು. "ಆ ತೊಲಿಗೆ ಹಿಂದಿನ ವಾರ ನಾನಽ ಕಬ್ಬಿಣದ ಆಸರಿ ಕೊಡಿಸಿದ್ದೆ. ಇಲ್ಲಿ ಅದು ಗ್ವಾಡಿಗೆ ಒರಗಿ ನಿಂತೈತಿ. ತಾನಽ ಹೋಗಿ ನಿಂದರತೈತೇನ್ರಿ ಅದು?"

ಪೊಲೀಸರ ಫೋಟೋ ವಿರೂಪಾಕ್ಷ ನೋಡಿದ್ದ. ಅದರಲ್ಲಿ ಭರಮಪ್ಪನ ಬಲಗೈ ಬರಿದಾಗಿತ್ತು. ಆಸರೆಯ ಕಂಬ ಮಣ್ಣಿನ ರಾಶಿಯಲ್ಲಿ ಅಡ್ಡ ಬಿದ್ದಿತ್ತು. ಜನ ಸೇರಿದ ಗದ್ದಲದಲ್ಲಿ ಯಾರೋ ವಲ್ಲಿ ಎತ್ತಿದ್ದರು, ಕಂಬ ಕೆಡವಿದ್ದರು.

ಮಾಳಿಗೆ ಕೊಂದಿರಲಿಲ್ಲ.

"ಇದು ಇವತ್ತು ಸಂಜಿಯೊಳಗ ಠಾಣೆಕ್ಕ ಮುಟ್ಟಿದ್ರ ಸಂಶಯದ ಸಾವು ಅಂತ ಬರ್ಕೋತಾರ," ಎಂದ ವಿರೂಪಾಕ್ಷ ಅಕ್ಕನ ಕಡೆ ತಿರುಗಿ. "ತನಿಖಿ ಮುಗಿಯೂತನಕ ಯಾರೂ ಒಂದು ಹಂಚೂ ಇಳಿಸೂ ಹಂಗಿಲ್ಲ. ನಿನ್ನ ಮನಿ ಉಳೀತೈತಿ ಯಕ್ಕಾ."

ಸಾವಂತ್ರೆವ್ವ ಬತ್ತಿ ಹೊಸೆದಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಕೈ ಮ್ಯಾಲೆ ವಲ್ಲಿ ಯಾಕಿತ್ತು?" ಎಂದಷ್ಟೇ ಕೇಳಿದಳು.

ಅದೇ ಪ್ರಶ್ನೆ. ಈ ಮಾಳಿಗೆಯಲ್ಲಿ ಹತ್ತಿಯ ದರ ಯಾರೂ ಬಾಯಿಂದ ಹೇಳುತ್ತಿರಲಿಲ್ಲ. ಕೊಳ್ಳುವವನು ತನ್ನ ಹೆಗಲ ವಲ್ಲಿಯನ್ನು ಇಬ್ಬರ ಕೈ ಮೇಲೂ ಹೊದಿಸಿ, ಮಾರುವವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳೋ ಅಷ್ಟು ದರ. ಸುತ್ತ ಹತ್ತು ಜನ ನಿಂತರೂ ಮಾತು ಆ ಇಬ್ಬರದೇ. ಒಲ್ಲೆನೆಂದರೆ ಮುಷ್ಟಿ. ಆಗ ಕೊಳ್ಳುವವನು ವಲ್ಲಿ ಎಳೆದುಕೊಂಡು ಏಳುತ್ತಿದ್ದ. ಒಪ್ಪಿದರೆ ಬಿಚ್ಚಿದ ಅಂಗೈ. ಆಗ ಕೊಳ್ಳುವವನು ವಲ್ಲಿಯನ್ನು ಆ ಅಂಗೈ ಮೇಲೇ ಬಿಟ್ಟು, ತೂಕ ಮುಗಿದ ಮೇಲೆ ಬಂದು ತೆಗೆದುಕೊಳ್ಳುತ್ತಿದ್ದ.

ಆ ಕಟ್ಟೆಯ ಮೇಲೆ ಭರಮಪ್ಪ ಎಂದೂ ಕುಳಿತವನಲ್ಲ. ಅವನು ಹೊತ್ತ ಹತ್ತಿಯನ್ನು ಮುಟ್ಟುತ್ತಿದ್ದರು, ಅವನ ಕೈ ಹಿಡಿಯುತ್ತಿರಲಿಲ್ಲ. ಹಿರಿಯ ಸಾವುಕಾರರಿಗೆ ಲಕ್ವಾ ಹೊಡೆದು ಬಾಯಿ ನಿಂತಾಗ, ಹಾಸಿಗೆಯ ಪಕ್ಕ ಕೂತವನು ಭರಮಪ್ಪನೊಬ್ಬನೇ. ಕಂಬಳಿಯ ಕೆಳಗೆ ಮುದುಕರ ಬೆರಳು ನೀರು ಕೇಳುತ್ತಿದ್ದವು, ಮಗ್ಗಲು ತಿರುಗಿಸು ಎನ್ನುತ್ತಿದ್ದವು. ಹಾಗೆ ಕಲಿತ ಮಾತು ಅದು. ಆಮೇಲೆ ಮನೆಯ ಮಕ್ಕಳ ಜೊತೆ ಆಟಕ್ಕೆ ಆಡುತ್ತಿದ್ದ.

ಅಂಥವನನ್ನು ಕೊನೆಯ ದಿನ ಯಾರೋ ಕಟ್ಟೆಯ ಮೇಲೆ ಕೂಡಿಸಿ ಕೈ ಹಿಡಿದಿದ್ದರು.

"ಇಷ್ಟು ದಿನ ಯಾಕ ತೋರಿಸಲಿಲ್ಲವಾ?" ವಿರೂಪಾಕ್ಷ ಕೇಳಿದ.

ಸಪ್ನಾ ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ಈಗ ಆ ಕೈಮಾತು ಬಲ್ಲವರು ಊರಾಗ ಯಾರದಾರ್ರಿ ಕಾಕಾ? ನಮ್ಮಜ್ಜ ಅಪ್ಪಗ ಸಣ್ಣಾಂವ ಇದ್ದಾಗಽ ಕಲಿಸಿದ್ದ. ಅಪ್ಪನ ವಲ್ಲಿನ ಇರಬೇಕು ಅನಸ್ತು. ಮೊದಲ ಅವರನ್ನ ಕೇಳ್ರಿ. ಆಮ್ಯಾಲೆ ಠಾಣೆಕ್ಕ ನಾನಽ ಬರತೇನಿ."

*

ಮೇಲಿನ ಪಡಸಾಲೆಯಲ್ಲಿ ವೀರಪ್ಪ ಕಿಟಕಿಯ ಪಕ್ಕ ನಿಂತಿದ್ದ. ಸಾಗವಾನಿ ಕಂಬಗಳ ನಡುವೆ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಛಾವಣಿಯ ಒಂದು ಕಡೆ ಆಕಾಶ ಕಾಣುತ್ತಿತ್ತು. ಸಹಕಾರಿ ಸಂಘದಲ್ಲಿ ನೌಕರಿ ಮಾಡಿ ಮುಗಿಸಿದ ವೀರಪ್ಪನಿಗೆ ಮೊಣಕಾಲು ನೋವು. ಕೋಲಿಲ್ಲದೆ ಹೆಜ್ಜೆ ಇಡುತ್ತಿರಲಿಲ್ಲ. ಟಕ್ ಎಂದು ಕೋಲು ಊರಿ ಅವನು ತಿರುಗಿದ.

"ಬರ್ರಿ ಜಮಾದಾರ್ರ. ಪೆನ್ಶನ್ ಬಂದ್ರೂ ಪೊಲೀಸಕಿ ಬಿಟ್ಟಿಲ್ಲಲ್ಲ ನೀವು?"

"ಕೂಡ್ರಿ ಸಾವುಕಾರ್ರ. ಒಂದೆರಡು ಮಾತು."

"ನಿಂತಽ ಹೇಳ್ರಿ."

"ಕೂತು ಆಡೂ ಮಾತ್ರಿ ಇದು."

ವೀರಪ್ಪ ಮಗಳ ಮುಖ ನೋಡಿದ. ಸಪ್ನಾ ಕಂಬದ ಹಿಂದೆ ನಿಂತಿದ್ದಳು. ಅವನು ಕಟ್ಟೆಯ ಅಂಚಿಗೆ ಕುಳಿತ, ಮಣ್ಣಿನ ರಾಶಿಗೆ ಬೆನ್ನು ಮಾಡಿ.

"ಭರಮಪ್ಪ ಸತ್ತ ದಿನ ಮುಂಜಾನೆ ಎಲ್ಲಿದ್ರಿ?"

"ಮನ್ಯಾಗ. ಪೂಜಿಗೆ ಕೂತಿದ್ದೆ. ಇಕಿ ಚೀರಿದ್ದು ಕೇಳಿ ಓಡಿ ಬಂದೆ."

"ಈ ಮೊಣಕಾಲಿಲೆ ಓಡಿದ್ರಿ?"

"ಬಂದೆ ಅನ್ನೂದಕ್ಕ ಓಡಿ ಬಂದೆ ಅಂತಾರಪಾ. ಇದನ್ನೂ ಬರ್ಕೋರಿ."

"ಮಾಳಿಗಿ ಮಾರಾಕ ಅವನ ಒಪ್ಪಿಗಿ ಕೇಳಿದ್ರಿ ಅಂತ ಊರ ಮಂದಿ ಅಂತಾರು."

"ಮಂದಿ ಏನಾರ ಅಂತಾರು. ಇಕಿ ಉಳಿಸೂಣು ಅಂತಾಳು, ಸಂದೀಪನ ಕಂತ್ರಾಟದಾರ ಕೆಡವೂಣು ಅಂತಾನು. ನಡುವ ನಾ ಯಾರು? ವರ್ಷಾ ಮಳಿಗಾಲಕ್ಕ ಹಂಚು ಹಾಕಿಸಿ ಹಾಕಿಸಿ ಸಾಕಾಗೇತಿ."

"ವಲ್ಲಿ ಕೆಳಗ ದರಾ ಹೇಳೂದು ನಿಮಗ ಬರತೈತೇನ್ರಿ?"

"ನಮ್ಮಪ್ಪನ ಕಾಲಕ್ಕ ಮುಗದ್ಹೋತು ಅದು. ನಾ ಸಾಲಿ ಕಲಿತಾಂವ. ಅದೆಲ್ಲ ನನಗ ತಿಳಿಯಂಗಿಲ್ಲ."

ವಿರೂಪಾಕ್ಷ ತನ್ನ ಹೆಗಲ ವಲ್ಲಿಯನ್ನು ತೆಗೆದು ವೀರಪ್ಪನ ಬಲಗೈ ಮೇಲೆ ಹಾಕಿದ. ಅದರ ಕೆಳಗೆ ಕೈ ತೂರಿಸಿ ಅವನ ಎರಡು ಬೆರಳು ಹಿಡಿದ.

ತಿಳಿಯದವನ ಕೈ ಸುಮ್ಮನಿರುತ್ತದೆ, ಇಲ್ಲವೇ ಹಿಂದೆ ಸರಿಯುತ್ತದೆ. ವೀರಪ್ಪನ ಕೈ ಎರಡನ್ನೂ ಮಾಡಲಿಲ್ಲ. ಬೆರಳುಗಳು ತಾವಾಗಿಯೇ ಒಳಗೆ ಮಡಚಿದವು. ಗಟ್ಟಿಯಾಗಿ ಮುಷ್ಟಿ ಕಟ್ಟಿದವು.

ಎದುರಿನ ಹಿಟ್ಟಿನ ಗಿರಣಿಯೊಂದು ಗುಂಯ್‌ಗುಡುತ್ತಿತ್ತು. ತೊಲೆ ಬಿದ್ದ ದಿನವೂ ಅದು ಹೀಗೇ ಗುಂಯ್‌ಗುಡುತ್ತಿತ್ತು, ಅದಕ್ಕೇ ಯಾರಿಗೂ ಕೇಳಿರಲಿಲ್ಲ.

"ಒಲ್ಲೆ ಅಂದ್ರಿ ಸಾವುಕಾರ್ರ," ಎಂದ ವಿರೂಪಾಕ್ಷ.

ವೀರಪ್ಪ ವಲ್ಲಿಯನ್ನು ನೋಡುತ್ತಿದ್ದ. ತನ್ನ ಕೈ ತನ್ನದಲ್ಲವೇನೋ ಎನ್ನುವ ಹಾಗೆ.

"ಕೂತಿದ್ದೆ," ಎಂದ ಕೊನೆಗೆ. ದನಿ ಇಳಿದಿತ್ತು. "ನಸಿಕಿನ್ಯಾಗ ಬಂದಿದ್ದೆ. ಸಾವಂತ್ರೆವ್ವ ಬತ್ತಿ ಮಾರಾಕ ಸವದತ್ತಿಗೆ ಹೋಗಿದ್ಲು. ಅಂವಾ ಒಬ್ಬನ ಇದ್ದ. 'ಕೇಳೂದಿದ್ರ ಕಟ್ಟಿ ಮ್ಯಾಲೆ ಕೂಡ್ರಿಸಿ ಕೇಳ್ರಿ, ನಿಮ್ಮಪ್ಪ ಮಂದೀನ ಕೇಳಿದ್ಹಂಗ' ಅಂದ. ಕೂಡ್ರಿಸಿದೆ. ಕೈ ಹಿಡಿದೆ."

"ಆಮ್ಯಾಲೆ?"

"ಮುಷ್ಟಿ ಕಟ್ಟಿದ. ಎಷ್ಟು ಬೆರಳು ಹಿಡಿದ್ರೂ ಮುಷ್ಟಿ. ನಮ್ಮಪ್ಪನ ಮುಷ್ಟಿ ಇದ್ದ್ಹಂಗ ಇತ್ತದು." ವೀರಪ್ಪ ಕೋಲನ್ನು ನೆಲಕ್ಕೆ ಊರಿದ. "ನಮ್ಮಪ್ಪ ಹಾಸಿಗಿ ಹಿಡಿದಾಗ ನಾ ಒಂದಿನ ಕೈ ಹಿಡಿದು ಕೂತಿಲ್ಲ. ಅಂವಾ ಕೂತಿದ್ದ. ಅದು ನನ್ನ ಕೈಗೆ ಗೊತ್ತಾತು. ನಾ ಎದ್ದೆ. ನನ್ನ ವಲ್ಲಿ ನಾ ತಗೊಂಡೆ. ಹೊಂಟ್ಹ್ವಾದೆ. ಅಂವಾ ಜೀವಂತ ಇದ್ದ ಜಮಾದಾರ್ರ. ನಾ ಮೆಟ್ಟಲಾ ಇಳಿಯೂ ಮುಂದ ಹಿಂದಿಂದ ಅಗಳಿ ಹಾಕ್ಕೊಂಡ ಸಪ್ಪಳ ಕೇಳೇನಿ."

"ವಲ್ಲಿ ತಗೊಂಡ ಹೋದ್ರಿ ಅಂತೀರಿ. ಇದೇನ್ರಿ ಮತ್ತ?"

ವಿರೂಪಾಕ್ಷ ಕೈ ಚಾಚಿದ. ಸಪ್ನಾ ಮೊಬೈಲ್ ಕೊಟ್ಟಳು. ವೀರಪ್ಪ ಚಾಳೀಸು ಏರಿಸಿ ಬಹಳ ಹೊತ್ತು ನೋಡಿದ. ಆಮೇಲೆ ಹೆಗಲಿನ ತನ್ನ ವಲ್ಲಿಯ ಅಂಚು ಎತ್ತಿ ತೋರಿಸಿದ. ಬರೀ ಬಿಳಿ, ಅಂಚೇ ಇಲ್ಲ.

"ನಮ್ಮಪ್ಪ ಸತ್ತ ಮ್ಯಾಲೆ ನಾ ಬಣ್ಣದಂಚು ಹೊದ್ದಿಲ್ಲ. ಊರಾಗ ಯಾರನ್ನರ ಕೇಳ್ರಿ. ಈ ವಲ್ಲಿಗೆ ಅಂಚೈತಿ."

ಚಿತ್ರವನ್ನು ದೊಡ್ಡದು ಮಾಡಿದಾಗ ಧೂಳಿನ ಕೆಳಗೆ ಅಂಚು ಕಂಡಿತು. ಕೆಂಪು, ಅದರೊಳಗೆ ಕಪ್ಪು ಮೆಟ್ಟಿಲು ಮೆಟ್ಟಿಲಾಗಿ.

"ಇನ್ನೊಂದು ಮಾತು," ಎಂದ ವೀರಪ್ಪ. "ವಲ್ಲಿ ಬಿಟ್ಟು ಹೋಗ್ಯಾರ ಅಂದ್ರ ಅಂವಾ ಅಂಗೈ ಬಿಚ್ಯಾನ. ನನಗ ಒಲ್ಲೆ ಅಂದಾಂವ ನನ್ನ ಹಿಂದ ಬಂದಾರಿಗೆ ಹೂಂ ಅಂದಾನ. ಹೂಂ ಅಂದಾಂವನ್ನ ಯಾಕ ಕೊಲ್ಲತಾರು, ಹೇಳ್ರಿ ನೋಡೂಣು?"

ವಿರೂಪಾಕ್ಷ ಏಳುತ್ತ ತನ್ನ ವಲ್ಲಿ ಹೆಗಲಿಗೆ ಹಾಕಿಕೊಂಡ. ಸಪ್ನಾ ಚಿತ್ರವನ್ನು ಅವನ ಮೊಬೈಲಿಗೆ ಕಳಿಸಿದಳು. ಅವನು ಒಬ್ಬನೇ ಕೆಳಗಿಳಿದ.

*

ಜೇಸಿಬಿಯ ನೆರಳು ಅಂಗಡಿಯ ಹೊಸ್ತಿಲು ದಾಟಿ ಬತ್ತಿಯ ಬುಟ್ಟಿಯವರೆಗೆ ಬಂದಿತ್ತು.

"ಯಕ್ಕಾ, ಈ ಅಂಚು ಎಲ್ಲೆರ ನೋಡೀಯೇನು?"

ಸಾವಂತ್ರೆವ್ವ ಕೈಯೊರೆಸಿಕೊಂಡು ಮೊಬೈಲ್ ಹಿಡಿದಳು. ಗಂಡನ ಹೆಣದ ಚಿತ್ರವನ್ನು ಅವಳು ನೋಡಿದ್ದು ಇದೇ ಮೊದಲು. ಮುಖದ ಕಡೆ ನೋಡಲಿಲ್ಲ. ಅಂಚನ್ನೇ ನೋಡಿದಳು.

"ನಾನಽ ನೇಯಿಸಿದ್ದು," ಎಂದಳು.

"ಎಲ್ಲಿ?"

"ರಾಮದುರ್ಗದಾಗ. ಗುರ್ತಿನ ನೇಕಾರ ಇದ್ದ. ಕಪ್ಪು ಮೆಟ್ಟಲಾ ಹಾಕು, ನಮ್ಮ ಮಾಳಿಗಿ ಮೆಟ್ಟಲದ ಗತೆ ಅಂತ ಹೇಳಿ ಹಾಕಿಸಿದ್ದೆ. ಎರಡಽ ಎರಡು. ಒಂದು ನಿಮ್ಮ ಮಾವನ ತಲ್ಯಾಗಿತ್ತು. ಅವನ ಜೋಡಿ ಮಣ್ಣಿಗೆ ಹೋತು."

"ಇನ್ನೊಂದು?"

ಸಾವಂತ್ರೆವ್ವ ಮೊಬೈಲನ್ನು ಚಾಪೆಯ ಮೇಲೆ ಬೋರಲಾಗಿ ಇಟ್ಟಳು. ಹತ್ತಿಯ ಎಳೆ ತೆಗೆದುಕೊಂಡಳು. ತೊಡೆಯ ಮೇಲಿಟ್ಟಳು. ಹೊಸೆಯಲಿಲ್ಲ.

"ಹ್ವಾದ ವರ್ಷ ಲಗ್ನದಾಗ ಮದಿಮಗಗ ಆಯೇರಿ ಮಾಡಿದೆ. ಮಾವ ತಾನ ಕೈಯಾರೆ ಹೆಗಲಿಗೆ ಹಾಕಿದ್ದ. ನೀ ಅಲ್ಲೇ ನಿಂತಿದ್ದಿ ತಮ್ಮಾ."

ಹೋದ ವರ್ಷ ಅವರ ಮನೆತನದಲ್ಲಿ ನಡೆದದ್ದು ಒಂದೇ ಮದುವೆ. ಸಂದೀಪನದು.

ವಿರೂಪಾಕ್ಷ ತನ್ನೊಳಗೆ ಏನಾದರೂ ಮುರಿಯುತ್ತದೆಂದು ಕಾದ. ಏನೂ ಆಗಲಿಲ್ಲ. ಅಂಗಡಿಯ ಗೋಡೆ ಅಲ್ಲೇ ಇತ್ತು. ಆರಿದ ಚಹಾ ಅಲ್ಲೇ ಇತ್ತು. ಭರಮಪ್ಪ ಬೆರಳಾಟ ಕಲಿಸಿದ್ದ ಮಕ್ಕಳಲ್ಲಿ ಸಂದೀಪನೂ ಒಬ್ಬ ಎಂಬುದು ನೆನಪಾಯಿತು, ಅಷ್ಟೇ. ಚಿತ್ರ ಠಾಣೆಗೆ ಹೋದರೆ ಅಕ್ಕನ ಮನೆ ಉಳಿಯುತ್ತದೆ. ಚಿತ್ರ ಠಾಣೆಗೆ ಹೋದರೆ ಮಗ ಹೋಗುತ್ತಾನೆ.

"ಕೊಡಬ್ಯಾಡ ಅಂತೀಯೇನು?" ಎಂದು ಕೇಳಿದ.

"ನಾ ಏನೂ ಅನ್ನಂಗಿಲ್ಲ," ಎಂದಳು ಸಾವಂತ್ರೆವ್ವ. "ಅಂವಾ ತಂದ ಚಾ ಕುಡದೇನಿ ನಾ, ದಿನಾ."

ಹೊರಗೆ ಗಾಡಿ ನಿಂತಿತು.

"ಅಪ್ಪಾ, ತಯಾರಾದ್ರೇನು? ಅತ್ತೀ, ಗಂಟು ಎಲ್ಲಿ, ಕೊಡಿಲ್ಲೆ." ಸಂದೀಪ ಬಾಗಿಲಲ್ಲಿ ಬಗ್ಗಿದ. ಬೋರಲು ಬಿದ್ದ ಮೊಬೈಲ್ ನೋಡಿದ. ತಂದೆಯನ್ನು ನೋಡಿದ. ಒಳಗೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ಬಾ. ಕೂಡು," ಎಂದ ವಿರೂಪಾಕ್ಷ.

ಸಂದೀಪ ಕುಳಿತ. ವಿರೂಪಾಕ್ಷ ಹೆಗಲಿನಿಂದ ವಲ್ಲಿ ತೆಗೆದು ತನ್ನ ಕೈ ಮೇಲೆ ಹರಡಿದ. ಅದರ ಒಂದು ತುದಿ ಎತ್ತಿ ಹಿಡಿದ, ಒಬ್ಬರು ಕೈ ತೂರಿಸುವಷ್ಟು.

"ಬಾಯಿಲೆ ಒಂದು ಮಾತೂ ಆಡಬ್ಯಾಡ. ಬಾಯಿ ನನ್ನ ಮಗಂದು, ಅದು ಏನಂದ್ರೂ ನಾ ನಂಬತೇನಿ. ನಿನ್ನ ಕೈ ಮಾವ ಕಲಿಸಿದ್ದು. ವಲ್ಲಿ ಬಿಟ್ಟು ಬರೂ ಮುಂದ ಅವನ ಎದುರಿಗೆ ಎಷ್ಟು ಮಂದಿ ಇದ್ರಿ, ಅಷ್ಟ ಹೇಳು."

ಸಂದೀಪನ ಕೈ ವಲ್ಲಿಯ ಕೆಳಗೆ ಬಂತು. ಇಳಿಬಿಸಿಲಿನಲ್ಲಿ ಗಾಡಿ ಓಡಿಸಿ ಬಂದವನ ಕೈ ತಣ್ಣಗಿತ್ತು. ಅದು ತಂದೆಯ ಒಂದು ಬೆರಳನ್ನು ಹಿಡಿಯಿತು.

ಒಬ್ಬ. ತಾನೊಬ್ಬನೇ.

ವಿರೂಪಾಕ್ಷ ಕಣ್ಣು ಮುಚ್ಚಿದ. ಕೈ ಬಿಡಿಸಿಕೊಳ್ಳಬೇಕೆನ್ನುವಷ್ಟರಲ್ಲಿ ಹಿಡಿತ ಬಿಗಿಯಾಯಿತು. ಪಕ್ಕದ ಬೆರಳನ್ನೂ ಸೇರಿಸಿಕೊಂಡಿತು.

ಇಬ್ಬರು.

ಮಧ್ಯಾಹ್ನ ತಪ್ಪಿಹೋಗಿದ್ದ ಆ ಸಾಲು ಅವನ ಕಿವಿಗೆ ತಾನಾಗಿಯೇ ಬಂದು ಕೂತಿತು. ಒಳಗಿನಿಂದ ಅಗಳಿ. ಒಳಗೆ ತೊಲೆಯಡಿಗೆ ಸಿಕ್ಕವನು. ಬಾಗಿಲು ತೆಗೆದವರು ಯಾರು? ಅವನು ಹೂಂ ಅಂದದ್ದು ಬೇಡವಾದವರು ಯಾರು?

ಕಣ್ಣು ತೆರೆದಾಗ ಸಂದೀಪ ತಂದೆಯನ್ನು ನೋಡುತ್ತಿರಲಿಲ್ಲ. ತಲೆಯ ಮೇಲಿನ ಮೆಟ್ಟಿಲ ಹಲಗೆಗಳನ್ನು ನೋಡುತ್ತಿದ್ದ. ಅವುಗಳ ಸಂದಿಯಿಂದ ಸಣ್ಣಗೆ ಧೂಳು ಉದುರುತ್ತಿತ್ತು. ಯಾರೋ ಇಳಿಯುತ್ತ ನಡುವೆಯೇ ನಿಂತಿದ್ದರು.

ವಿರೂಪಾಕ್ಷ ಕಿವಿಗೊಟ್ಟು ಕೇಳಿದ.

ಕೋಲಿನ ಸದ್ದಿರಲಿಲ್ಲ. ಹೆಜ್ಜೆಯ ಸದ್ದೂ ಇರಲಿಲ್ಲ.